ಗ್ವಾಡಿ ಕುಡೀಲಿ ಎನ್ನುತ್ತಿದ್ದ ಪೇಂಟರ್

ಹಳೆಯದನ್ನು ಬಿಡುವುದು ಮನುಷ್ಯನಿಗೆ ಬಹಳ ಕಷ್ಟ. ನಮ್ಮ ಪಡಸಾಲೆಯ ಗೋಡೆಗೆ ಇನ್ನೂ ಕಷ್ಟವಾಗಿತ್ತು. ಹರಿದಿದ್ದ ವಾಲ್‌ಪೇಪರನ್ನು ಕಿತ್ತು ಹಾಕಿದರೂ ಅದರ ಅಂಟು ಕಂದು ತೇಪೆಗಳಾಗಿ ಉಳಿದಿತ್ತು. ಮಗಳನ್ನು ನೋಡಲು ತಿಕೋಟಾದವರು ಅಂದೇ ಮಧ್ಯಾಹ್ನ ಬರುವವರಿದ್ದರು.

ಇಬ್ರಾಹಿಂಪುರದ ಪೇಂಟರ್ ಮಾತ್ರ ಬಿಸಿನೀರಿನ ಅರಿವೆಯನ್ನು ಗೋಡೆಗೆ ಒತ್ತುವನು, ಉಗುರಿನಿಂದ ಅಂಟನ್ನು ಕೆರೆದು ನೋಡುವನು, ಮತ್ತೆ ಒತ್ತುವನು.

"ಲಗೂನ ಕೆರಿಯೋ ಯಪ್ಪಾ," ಎಂದೆ.

"ಗ್ವಾಡಿ ನೀರ ಕುಡೀಲಿ, ತಡೀರಿ."

"ಅಂಟಿನ ಮ್ಯಾಲೇ ಬಣ್ಣಾ ಬಡಿ," ಎಂದು ನನ್ನ ಹೆಂಡತಿ ಬೇಡಿಕೊಂಡಳು.

"ನಾಳಿಗೇ ಸುಲೀತೈತ್ರಿ ಅಕ್ಕಾರ. ಗ್ವಾಡಿ ಕುಡೀಲಿ."

ಅಷ್ಟರಲ್ಲಿ ಬೀಗರಾಗುವವರು ಬಂದೇಬಿಟ್ಟರು. ನೀರಿಳಿಯುವ ಗೋಡೆಯನ್ನು ನೋಡಿ ಹುಡುಗನ ತಂದೆ ಬಾಗಿಲಲ್ಲೇ ನಿಂತರು.

"ನಾವು ಬರೂದು ನಿಮಗ ಗೊತ್ತಿತ್ತಲ್ರಿ?"

ಪೇಂಟರ್ ಗೋಡೆಯಿಂದ ಮುಖ ತಿರುಗಿಸದೆಯೇ ಹೇಳಿದ:

"ಅವರಿಗೆ ಗೊತ್ತಿತ್ರಿ. ಗ್ವಾಡಿಗೆ ಗೊತ್ತಿರಲಿಲ್ಲ."

ನನ್ನ ಹೆಂಡತಿ ಸೆರಗನ್ನು ಹಿಂಡುತ್ತ ನಿಂತಳು. ಆಮೇಲೆ ಹುಡುಗ ನಕ್ಕ. ಅಡುಗೆಮನೆಯಿಂದ ಮಗಳ ನಗೆಯೂ ಕೇಳಿಸಿತು. ಹುಡುಗನ ತಂದೆ ಮಗನ ಮುಖ ನೋಡಿದರು, ಚಪ್ಪಲಿ ಬಿಟ್ಟು ಒಳಗೆ ಬಂದರು.

ಸಂಬಂಧ ಅಂದೇ ಗೊತ್ತಾಯಿತು. ಅಂಟು ಪೂರ್ತಿ ಬಿಟ್ಟದ್ದು ಮರುದಿನ.