ಮೊದಲಿಂದ ಹಿಡೀರಿ

ಕುಷಾಯಿಗೂಡದ ನಮ್ಮ ನಿವೃತ್ತರ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರ ಮೇಲೆ ನನಗೆ ವಾರವಾರವೂ ಸಿಟ್ಟು ಬರುತ್ತಿತ್ತು. ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದ ಮನುಷ್ಯ. ನನ್ನ ಡ್ರಮ್ಮಿನ ಒಂದು ಪೆಟ್ಟು ತಪ್ಪಿದರೂ ಸಾಕು, ಕನ್ನಡಕ ಹಣೆಗೇರಿಸಿ, "ಮೊದಲಿಂದ ಹಿಡೀರಿ" ಎನ್ನುತ್ತಿದ್ದರು. ಅರವತ್ತೆರಡಕ್ಕೆ ಡ್ರಮ್ ಕಲಿತವನು ನಾನು. ಎಷ್ಟು ಸಲ ಮೊದಲಿಂದ ಹಿಡಿಯಲಿ?

ರಾಜ್ಯೋತ್ಸವದ ಸಂಜೆ ನಮ್ಮ ಹಾಡು ಅರ್ಧಕ್ಕೆ ಬಂದಾಗ ಮುಖ್ಯ ಅತಿಥಿ ತಡವಾಗಿ ಬಂದರು. ಕನ್ನಡ ಸಂಘದ ಕಾರ್ಯದರ್ಶಿ ಓಡಿಬಂದು, "ಬಂದ್ ಮಾಡ್ರಿ, ಸಾಹೇಬ್ರು ಬಂದಾರ" ಎಂದು ಮೈಕು ಕಿತ್ತುಕೊಂಡ. ಆರು ತಿಂಗಳ ತಾಲೀಮು! ನನ್ನ ಮೈಯೆಲ್ಲ ಉರಿಯಿತು. ಶಾಲು, ಹಾರ, ಮುಗಿಯದ ಭಾಷಣ. ಕ್ಲಾರಿನೆಟ್‌ನವರು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ವೇದಿಕೆಯ ಮೂಲೆಯಲ್ಲಿ ಕೂತೇ ಇದ್ದರು.

"ಇನ್ನ ಊಟಕ್ಕ ಏಳ್ರಿ" ಎಂದ ಕಾರ್ಯದರ್ಶಿ. ಜನ ಎದ್ದರು. ಕ್ಲಾರಿನೆಟ್‌ನವರೂ ಎದ್ದು, ಕನ್ನಡಕ ಹಣೆಗೇರಿಸಿ ನಮ್ಮ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ನಾನು, "ಮೊದಲಿಂದ ಹಿಡೀರಿ!" ಎಂದು ಕೂಗಿ ಡ್ರಮ್ ಬಾರಿಸಿದೆ. ಬಾಗಿಲ ತನಕ ಹೋಗಿದ್ದ ಸಾಹೇಬರೂ ನಿಂತರು.

ನಗು ತಡೆಯಲಾರದೆ ಕ್ಲಾರಿನೆಟ್‌ನವರ ಮೊದಲ ಸ್ವರವೇ ಒಡೆಯಿತು. ಯಾರೂ ನಿಲ್ಲಿಸಲಿಲ್ಲ.