ಗ್ಲಾಸ್ಗೋ ಪೊಲೀಸನಿಗೆ ಧಾರವಾಡದ ಕನ್ನಡ

ಆಂಟಿಯ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಆದದ್ದಂತೆ. ಆಮೇಲೆ ಎಷ್ಟು ಸಲ ಬೆಳೆದರೂ ಸೀಳಾಗಿಯೇ ಬೆಳೆಯಿತು. ಪುಸ್ತಕದ ಹಾಳೆಯ ಅಂಚನ್ನು ಆ ಸೀಳಿಗೆ ಸಿಕ್ಕಿಸಿ ಮಗುಚುತ್ತಿದ್ದರು. ನೋಡುತ್ತಿದ್ದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. "ಹೆಣಾ ಕೊಯ್ಯೋ ಕೈಯವಾ ಇದು, ಒಂದು ಹಾಳಿ ಏನು ಮಾಡೀತು" ಎಂದು ನಗುತ್ತಿದ್ದರು.

ಹೆಣದ ಮಾತು ಸುಳ್ಳಲ್ಲ. ಆಂಟಿ ಪೆಥಾಲಜಿಸ್ಟ್. ಧಾರವಾಡದ ಕಡೆಯವರು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಓದಿ, ಅಲ್ಲೇ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಅಮೆರಿಕದ ಡರ್ಹಮ್‌ಗೆ ಬಂದು ನೆಲೆಸಿದವರು. ಮದುವೆಯಾಗಿರಲಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಆ ಊರಿಗೆ ಹೋದಾಗ ಅಲ್ಲಿನ ಕನ್ನಡದವರಿಗೆಲ್ಲ ಅವರು ಡಾಕ್ಟರ್ ಆಂಟಿ. ನನ್ನ ಗಂಡ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಂಪನಿಯಲ್ಲಿ ಪ್ರೋಗ್ರಾಮರ್. ನಾನು ಅವನ ವೀಸಾದ ಬಾಲ ಹಿಡಿದು ಮೈಸೂರಿನಿಂದ ಬಂದವಳು. ಕೆಲಸ ಮಾಡುವಂತಿಲ್ಲ, ಕಾರು ಓಡಿಸಲು ಬರುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಂದಿಷ್ಟು ಪೈನ್ ಮರ, ಅದರಾಚೆ ಆಂಟಿಯ ಮನೆ. ನಾನು ಒಬ್ಬಳೇ ನಡೆದು ಹೋಗಬಹುದಾಗಿದ್ದ, ಹೋಗಲು ಗಂಡ ಬಿಡುತ್ತಿದ್ದ ಜಾಗ ಅದೊಂದೇ.

ಆ ಮನೆಯಲ್ಲಿ ದೇವರ ಕೋಣೆಗಿಂತ ಪುಸ್ತಕದ ಕಪಾಟು ದೊಡ್ಡದು. ಬಹುಪಾಲು ಸ್ಕಾಟ್ಲೆಂಡಿನ ಪತ್ತೇದಾರಿ ಕಾದಂಬರಿಗಳು. ಡರ್ಹಮ್‌ನ ಅಂಗಡಿಗಳಲ್ಲಿ ಅವು ಆಗ ಸಿಗುತ್ತಲೇ ಇರಲಿಲ್ಲ. ಕೆಲಸದ ಮೇಲೆ ವಾಷಿಂಗ್ಟನ್‌ಗೆ ಹೋದಾಗಲೆಲ್ಲ ಆಂಟಿ ಹಳೇ ಪುಸ್ತಕದಂಗಡಿಗಳನ್ನು ಜಾಲಾಡಿ ತರುತ್ತಿದ್ದರು. ಮೊದಲು ಕೊನೆಯ ಅಧ್ಯಾಯ ಓದುವುದು, ಆಮೇಲೆ ಮೊದಲಿನಿಂದ ಶುರುಮಾಡುವುದು ಅವರ ಪದ್ಧತಿ.

"ಕೊಲೆಗಾರ ಯಾರು ಅಂತ ಮೊದ್ಲೇ ಗೊತ್ತಾಗ್ಬಿಟ್ರೆ ಇನ್ನೇನ್ ಮಜಾ ಇರುತ್ತೆ ಆಂಟಿ?" ಎಂದು ಕೇಳಿದ್ದೆ.

"ಯಾರು ಕೊಂದ್ರು ಅನ್ನೋದು ಒಂದ ಸಾಲಿನ ಮಾತು. ಯಾರ್ಯಾರಿಗೆ ಗೊತ್ತಿತ್ತು, ಯಾಕ ಸುಮ್ನಿದ್ರು ಅನ್ನೋದು ಭಾಳ ಉದ್ದ ಅದ. ನಾ ಓದೋದು ಅದಕ್ಕ" ಎಂದರು.

ನನಗೆ ಪತ್ತೇದಾರಿ ಎಂದರೆ ದೊಡ್ಡ ಬಂಗಲೆ, ಚಹಾ, ಕೊನೆಗೆ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಬುದ್ಧಿವಂತನೊಬ್ಬ ಕೊಲೆಗಾರನತ್ತ ಬೆರಳು ತೋರಿಸುವುದು. ಆಂಟಿಗೆ ಆ ಬಗೆಯ ಕಥೆ ಕಂಡರಾಗದು. "ಅಲ್ಲಿ ಒಬ್ಬಾವನ್ನ ಹಿಡದ್ರ ಮುಗೀತು, ಉಳದವರೆಲ್ಲ ಗಂಗಾಸ್ನಾನ ಮಾಡಿದಂಗ. ಇಲ್ಲಿ ಹಂಗಿಲ್ಲ. ಹಿಡಿಯೋ ಪೊಲೀಸನೂ ಕುಡುಕ, ಅವನ ಮನೀನೂ ಮುರದದ. ಆದರ ಸತ್ತಾಕಿನ್ನ ಮರೆಯಂಗಿಲ್ಲ ಅಂವ" ಎನ್ನುತ್ತಿದ್ದರು.

ಆ ಪುಸ್ತಕಗಳ ಇಂಗ್ಲಿಷು ನನ್ನ ತಲೆಗೆ ಹತ್ತುತ್ತಿರಲಿಲ್ಲ. ಸಂಭಾಷಣೆ ಬಂದ ಕೂಡಲೇ ಎಡವಿ ಬೀಳುತ್ತಿದ್ದೆ. ಆಂಟಿ ಅದಕ್ಕೊಂದು ಉಪಾಯ ಮಾಡಿದರು. ಗ್ಲಾಸ್ಗೋದವರ ಮಾತು ಲಂಡನ್ನಿನವರಿಗೆ ಒರಟಾಗಿ ಕೇಳುವುದು, ಧಾರವಾಡದವರ ಮಾತು ನಮ್ಮ ಮೈಸೂರಿನವರಿಗೆ ಒರಟಾಗಿ ಕೇಳುವುದು, ಎರಡೂ ಒಂದೇ ಎಂಬುದು ಅವರ ಸಿದ್ಧಾಂತ. ಹಾಗಾಗಿ ಪುಸ್ತಕ ಹಿಡಿದು ಅಲ್ಲಲ್ಲೇ ಧಾರವಾಡದ ಕನ್ನಡ ಮಾಡಿ ಓದುತ್ತಿದ್ದರು. ಗ್ಲಾಸ್ಗೋದ ಇನ್‌ಸ್ಪೆಕ್ಟರ್ ಬಾರಿನಲ್ಲಿ ನಿಂತು, "ಏ ಮಂಗ್ಯಾನ ಮಗನ, ಸೋಮವಾರ ಸಂಜೀಕ ಎಲ್ಲಿ ಹಾಳಾಗಿ ಹೋಗಿದ್ದಿ?" ಎಂದು ಗದರುತ್ತಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಮ್ಮ ಮನೆಯಲ್ಲಿ ನಗು ಎಂಬುದು ಆ ಹೊತ್ತಿಗೆ ನಿಂತುಹೋಗಿತ್ತು.

ಗಂಡ ಹೊಡೆಯುತ್ತಿದ್ದ. ಅದನ್ನು ಸುತ್ತಿ ಬಳಸಿ ಬರೆಯುವುದರಲ್ಲಿ ಅರ್ಥವಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ, ಊರಿಗೆ ಫೋನ್ ಮಾಡಿದರೆ, ಆಫೀಸಿನಲ್ಲಿ ಯಾರೋ ಅವನನ್ನು ಕಡೆಗಣಿಸಿದರೆ ಏಟು ನನಗೆ. ಹೊರಗಿನವರ ಎದುರು ಬಹಳ ಸಭ್ಯ. ಕನ್ನಡದ ಮನೆಗಳಲ್ಲಿ ಎಲ್ಲರಿಗಿಂತ ಮೊದಲು ಎದ್ದು ಕುರ್ಚಿ ಜೋಡಿಸುವವನು ಅವನೇ.

ಆ ವರ್ಷದ ಗೌರಿ ಹಬ್ಬವನ್ನು ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಒಬ್ಬರ ಮನೆಯಲ್ಲಿ ಇಟ್ಟುಕೊಂಡಿದ್ದರು. ಊರ ಕನ್ನಡದ ಹೆಂಗಸರಿಗೆ ಅವರೇ ದೊಡ್ಡವರು. ಅರಿಶಿನ ಕುಂಕುಮ ಕೊಟ್ಟು ಒಬ್ಬೊಬ್ಬರಿಗೂ ತಾವೇ ಹಸಿರು ಗಾಜಿನ ಬಳೆ ತೊಡಿಸುತ್ತಿದ್ದರು. ನನ್ನ ಸರದಿ ಬಂದಾಗ ಬಳೆ ಏರಲಿಲ್ಲ. ಮಣಿಕಟ್ಟು ಊದಿತ್ತು, ಅದರ ಮೇಲೆ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿತ್ತು. ಅಕ್ಕ ನೋಡಿದರು. ಪಕ್ಕದಲ್ಲಿದ್ದವರೂ ನೋಡಿದರು. "ಇರಮ್ಮ, ದೊಡ್ಡ ಸೈಜು ತರ್ತೀನಿ" ಎಂದು ಅಕ್ಕ ಒಳಗೆ ಹೋಗಿ ಅಗಲದ ಬಳೆಗಳನ್ನು ತಂದರು. ಉಳಿದವರಿಗಿಂತ ಹೆಚ್ಚು ತೊಡಿಸಿದರು, ಗುರುತು ಕಾಣದಷ್ಟು. "ಕೈತುಂಬ ಬಳೆ ಇರಬೇಕು, ಲಕ್ಷಣ" ಎಂದು ನನ್ನ ಕೆನ್ನೆ ಮುಟ್ಟಿದರು. ಅದರಲ್ಲಿ ಪ್ರೀತಿ ಇತ್ತು, ಅದನ್ನು ಇವತ್ತಿಗೂ ಅಲ್ಲಗಳೆಯಲಾರೆ. ಆಂಟಿ ಮೂಲೆಯ ಸೋಫಾದಿಂದ ಎಲ್ಲವನ್ನೂ ನೋಡಿದರು.

ಮಾರನೆಯ ವಾರ ನಾನು ಹೋದಾಗ ಅವರು ಓದುತ್ತಿದ್ದ ಕಥೆಯಲ್ಲಿ ಒಬ್ಬಳು ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದಳು. ಗೋಡೆಯಾಚೆಯ ಹೆಂಗಸಿಗೆ ದಿನವೂ ಏಟಿನ ಸದ್ದು ಕೇಳುತ್ತಿತ್ತು, ಕೇಳಿದಾಗಲೆಲ್ಲ ಟಿವಿ ಜೋರು ಮಾಡುತ್ತಿದ್ದಳು. ಆಂಟಿ ಅಲ್ಲಿಗೆ ನಿಲ್ಲಿಸಿ ಪುಸ್ತಕ ಮಡಚಿದರು.

"ಕೈಗೆ ಏನಾಗಿತ್ತವಾ?"

"ಲಾಂಡ್ರಿ ರೂಮಿನಲ್ಲಿ ಜಾರಿ ಬಿದ್ದೆ ಆಂಟಿ."

"ಬಿದ್ರ ಅಂಗೈ ತರೀತದ. ಬೆರಳು ಮೂಡಂಗಿಲ್ಲ."

ನಾನು ಅತ್ತೆ. ಯಾರಿಗೂ ಹೇಳಬೇಡಿ, ಅಪ್ಪನಿಗೆ ತಿಳಿದರೆ ಎದೆಯೊಡೆದುಕೊಳ್ಳುತ್ತಾರೆ, ಇವನನ್ನು ಬಿಟ್ಟರೆ ಈ ದೇಶದಲ್ಲಿ ನಿಲ್ಲಲು ನನಗೆ ಕಾಗದವಿಲ್ಲ ಎಂದೆಲ್ಲ ಹೇಳಿಕೊಂಡೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಮ್ಯಾಲಿನ ಕೋಣಿ ಖಾಲಿ ಅದ" ಎಂದಷ್ಟೇ ಹೇಳಿ ಚಹಾ ಇಡಲು ಎದ್ದರು.

ದಸರೆಗೆ ಮುಂಚೆ ಒಂದು ಏಟು ಎಡಗಿವಿಯ ಮೇಲೆ ಬಿತ್ತು. ಅಕ್ಕನ ಮನೆಯ ಗೊಂಬೆ ಆರತಿಗೆ ಹೋದಾಗ ಆ ಕಿವಿಯಲ್ಲಿ ಗುಂಯ್ ಎನ್ನುವುದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಕೋಸಂಬರಿ ಹಂಚುತ್ತ ಅಕ್ಕ ಎಡಗಡೆಯಿಂದ ಕೂಗಿದರಂತೆ, ಮತ್ತೆ ಕೂಗಿದರಂತೆ. "ಎಲ್ಲಿದೀಯಮ್ಮಾ, ಯಾವ ಲೋಕದಲ್ಲಿ?" ಎಂದು ಎಲ್ಲರೂ ನಕ್ಕರು. ಆಂಟಿ ನಗಲಿಲ್ಲ. ಎದ್ದು ಬಂದು ನನ್ನ ಎಡಕ್ಕೆ ನಿಂತು ಏನೋ ಅಂದರು, ಮತ್ತೆ ಬಲಕ್ಕೆ ಬಂದು ಅದನ್ನೇ ಅಂದರು: "ಊಟ ಆತೇನವಾ?" ಆಮೇಲೆ ಹೆಂಗಸರ ಕಡೆ ತಿರುಗಿದರು.

"ಈಕಿ ಗಂಡ ಈಕಿನ್ನ ಹೊಡೀತಾನ. ಕಿವಿ ಹೋಗೇದ. ನಿಮ್ಮೊಳಗ ಯಾರ್ಯಾರಿಗೆ ಗೊತ್ತಿತ್ತು?"

ಆಂಟಿ ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತರು. ದನಿ ಏರಿಸಲಿಲ್ಲ. "ನಿಮಗ ಗೊತ್ತಿತ್ತೇನ್ರಿ?" ಒಬ್ಬರು ತಲೆ ತಗ್ಗಿಸಿದರು, ಒಬ್ಬರು ಮಗುವನ್ನು ಎತ್ತಿಕೊಂಡು ಎದ್ದರು. ಅಕ್ಕನ ಮುಂದೆ ನಿಂತಾಗ ಅಕ್ಕ, "ಆಂಟಿ, ಹಬ್ಬದ ಮನೆ ಇದು. ಗಂಡ ಹೆಂಡತಿ ವಿಷಯ, ಅಡ್ಜಸ್ಟ್ ಆಗುತ್ತೆ" ಎಂದರು.

ನನಗೆ ಆ ಕ್ಷಣ ಆಂಟಿಯ ಮೇಲೆ ಬಂದಷ್ಟು ಸಿಟ್ಟು ಗಂಡನ ಮೇಲೆ ಎಂದೂ ಬಂದಿರಲಿಲ್ಲ. ನನ್ನ ಮಾನವನ್ನು ಗೊಂಬೆಗಳ ಮುಂದೆ ಹರಾಜಿಗಿಟ್ಟರಲ್ಲ ಎನಿಸಿತು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಅವರು ಮಾಡಿದ್ದು ಸರಿಯೇ ಎಂದು ಇವತ್ತು ಯಾರಾದರೂ ಕೇಳಿದರೂ ನಾನು ತಡವರಿಸುತ್ತೇನೆ.

ಅಷ್ಟರಲ್ಲಿ ಬೇಸ್‌ಮೆಂಟಿನಲ್ಲಿ ಇಸ್ಪೀಟು ಆಡುತ್ತಿದ್ದ ಗಂಡಸರಿಗೆ ಸುದ್ದಿ ಮುಟ್ಟಿತ್ತು. ಗಂಡ ಮೇಲೆ ಬಂದು, ಮುಗುಳುನಗುತ್ತಲೇ, "ಆಂಟಿ, ಇದು ನಮ್ಮ ಫ್ಯಾಮಿಲಿ ಮ್ಯಾಟರ್. ಪ್ಲೀಸ್, ನೀವು ಇಂಟರ್‌ಫಿಯರ್ ಆಗ್ಬೇಡಿ" ಎಂದ.

"ಹೆಂಡ್ತಿ ಸತ್ತ ಮ್ಯಾಲೂ ಗಂಡಂದ್ರು ಹಿಂಗ ಅಂತಾರಪಾ. ನನ್ನ ಟೇಬಲ್ ಮ್ಯಾಲ ಬಂದು ಮಲಗ್ಯಾರ ಅಂಥಾ ಹೆಂಡ್ರು" ಎಂದರು ಆಂಟಿ. ನನ್ನ ಬಲಗಡೆ ಬಂದು ನಿಂತರು. "ಬರ್ತೀಯೇನವಾ? ಬಂದ್ರ ಈಗ ಕರಕೊಂಡು ಹೋಗ್ತೀನಿ. ಒಲ್ಲೆ ಅಂದ್ರ ನಾಳೆ ಮತ್ತ ಬಂದು ಕೇಳ್ತೀನಿ."

ಗಂಡನ ಮುಖ ನೋಡಿದೆ. ನಗು ಹಾಗೇ ಇತ್ತು, ಕೈ ಮುಷ್ಟಿಯಾಗಿತ್ತು. ಮನೆಗೆ ಹೋದ ಮೇಲೆ ಏನು ಕಾದಿದೆ ಎಂಬುದು ಗೊತ್ತಾಯಿತು. ಚಪ್ಪಲಿ ಹುಡುಕಲಿಲ್ಲ, ಬರಿಗಾಲಲ್ಲೇ ಹೋಗಿ ಆಂಟಿಯ ಕಾರಿನಲ್ಲಿ ಕೂತೆ.

ಮೇಲಿನ ಕೋಣೆಯಲ್ಲಿ ಮೂರು ವರ್ಷ ಇದ್ದೆ. ಮೊದಮೊದಲು ಅವರೊಡನೆ ನೆಟ್ಟಗೆ ಮಾತಾಡಲಿಲ್ಲ. ತಟ್ಟೆ ಕುಕ್ಕುತ್ತಿದ್ದೆ, ಅವರು ಸುಮ್ಮನೆ ಎತ್ತಿಡುತ್ತಿದ್ದರು. ವಕೀಲರು, ವಿದ್ಯಾರ್ಥಿ ವೀಸಾ, ಕಾಲೇಜು ಎಲ್ಲಕ್ಕೂ ಓಡಾಡಿದವರು ಅವರೇ. ಕನ್ನಡದ ಮನೆಗಳಿಂದ ಅವರಿಗೆ ಮತ್ತೆ ಕರೆ ಬರಲಿಲ್ಲ. ಯುಗಾದಿಯ ದಿನ ಕಿಟಕಿಯ ಬಳಿ ಕೂತು, "ಅಕ್ಕನ ಮನಿ ಹೋಳಿಗಿ ತಪ್ಪಿತು ನೋಡು" ಎಂದರು. ನಗಿಸಲು ಹೇಳಿದ್ದು, ಆದರೆ ಕಣ್ಣು ನಗಲಿಲ್ಲ. ನನ್ನಿಂದಾಗಿ ಅವರು ಒಂಟಿಯಾದರು ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ಓದು ಮುಗಿಸಿ ಅಲ್ಫರೆಟಾ ಎಂಬ ದೂರದ ಊರಿನಲ್ಲಿ ಕೆಲಸ ಹಿಡಿದೆ. ದಶಕ ಮುಗಿಯುವ ಮೊದಲೇ ಆಂಟಿಗೆ ಕ್ಯಾನ್ಸರ್ ಬಂತು. ತಮ್ಮ ಸ್ಲೈಡನ್ನು ತಾವೇ ಮೈಕ್ರೋಸ್ಕೋಪಿನಲ್ಲಿ ನೋಡಿ, ನನಗೆ ಫೋನ್ ಮಾಡಿ, "ಛಲೋ ಇಲ್ಲವಾ, ಲಗೂನ ಬಾ" ಎಂದರು. ಹೋದೆ. ಕೊನೆಯವರೆಗೂ ಹತ್ತಿರವೇ ಇದ್ದೆ.

ಅಂತಿಮ ದರ್ಶನಕ್ಕೆ ಫ್ಯೂನರಲ್ ಹೋಮಿಗೆ ಆಸ್ಪತ್ರೆಯವರು ಬಂದಿದ್ದರು. ಕನ್ನಡದವರು ಯಾರೂ ಇರಲಿಲ್ಲ. ಎಲ್ಲ ಮುಗಿಯುವ ಹೊತ್ತಿಗೆ ಅಕ್ಕ ಒಬ್ಬರೇ ಬಂದರು. ವಯಸ್ಸಾಗಿತ್ತು. ನನ್ನ ಕೈ ಹಿಡಿದುಕೊಂಡರು.

"ಅವತ್ತು ಕೇಳಿದ್ರಲ್ಲಮ್ಮ ಅವರು. ನನಗೆ ಗೊತ್ತಿತ್ತು" ಎಂದರು.

ಪರವಾಗಿಲ್ಲ ಬಿಡಿ ಅಕ್ಕ ಎನ್ನುವ ಮಾತು ನಾಲಗೆಯ ತುದಿಯಲ್ಲಿತ್ತು. ನಮ್ಮ ಹೆಣ್ಣುಮಕ್ಕಳ ಬಾಯಿಗೆ ಅದು ತಾನಾಗಿಯೇ ಬರುತ್ತದೆ. ನುಂಗಿಕೊಂಡೆ.

"ಅದನ್ನ ಅವರಿಗೆ ಹೇಳಿ ಅಕ್ಕ" ಎಂದೆ.

ಅಕ್ಕ ನನ್ನ ಕೈ ಬಿಟ್ಟು, ಮೆಲ್ಲಗೆ ನಡೆದು ಆಂಟಿ ಮಲಗಿದ್ದ ಪೆಟ್ಟಿಗೆಯ ಹತ್ತಿರ ಹೋದರು, ಬಾಗಿದರು, ಹೇಳಿದರು.