ಮೊದಲು ಮುಖ

ಕೊಲ್ಲಿ ದೇಶದ ಮಂಗಫ್‌ನ ನಮ್ಮ ಪಕ್ಕದ ಫ್ಲಾಟಿನ ಕೊಡಗಿನ ಅಂಕಲ್, ರಿಫೈನರಿ ಬಸ್ಸಿಳಿದು ಬಂದವರೇ ಊರಿನ ತಮ್ಮನಿಗೆ ವಿಡಿಯೋ ಕಾಲ್ ಮಾಡುತ್ತಿದ್ದರು. "ಮೊದಲು ಮುಖ ತೋರ್ಸು" ಎನ್ನುವುದೇ ಅವರ ಹಲೋ. ಆ ತಮ್ಮ, ಲೈಸೆನ್ಸಿನ ರೈಫಲ್ ಇಟ್ಟುಕೊಂಡವನು. ಹಾರಿಸಿ ಖಾಲಿಯಾದ ಹಿತ್ತಾಳೆ ತೋಟೆಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೋಗುತ್ತಿದ್ದ. ಯಾವ ತೋಟೆ, ಯಾವ ಮದ್ದು, ಯಾವ ಗುಂಡು ಎಂದು ಆರಿಸುವ ಕೆಲಸ ಮಾತ್ರ ಅಂಕಲ್‌ದು. ಕನ್ನಡಕ ಹಣೆಗೇರಿಸಿ, ಫೋನಿಗೆ ಮೂಗು ತಾಗಿಸಿ ಒಂದೊಂದನ್ನೂ ನೋಡುತ್ತಿದ್ದರು.

ಒಮ್ಮೆ ಸ್ಪರ್ಧೆಯ ಹಿಂದಿನ ಸಂಜೆ, ಇದ್ದಷ್ಟೂ ತೋಟೆ ಎಸೆಯಲು ಹೇಳಿದರು. ಬಳಸಿ ಬಳಸಿ ಸವೆದ ತೋಟೆ ಹಾರಿಸುವಾಗ ಒಡೆಯಬಹುದು; ಅವನ್ನು ಎಷ್ಟು ಸಲ ಬಳಸಿಯಾಗಿದೆಯೆಂದು ತಮ್ಮನಿಗೆ ನೆನಪಿರಲಿಲ್ಲ. ಚಹಾಕ್ಕೆ ಹೋಗಿದ್ದ ನಾನು ಸುಮ್ಮನಿರಲಿಲ್ಲ.

"ಬಿರುಕೇ ಕಾಣ್ತಿಲ್ಲ ಅಂಕಲ್. ಒಡೆಯುತ್ತೆ ಅನ್ನೋದಕ್ಕೆ ಪುರಾವೆ ಏನು?"

"ಇಲ್ಲ ಮಾರಾಯ. ಅದಕ್ಕೇ ಎಸೆದ್ಬಿಡು ಅಂದಿದ್ದು. ಪುರಾವೆ ಸಿಕ್ಕಿದ್ರೆ ಅವನ ಕಣ್ಣಲ್ಲೇ ಸಿಗೋದು."

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಚಹಾದ ಲೋಟ ತೊಳೆಯಲು ಎದ್ದೆ.

ತೋಟೆಯಿಲ್ಲದೆ ಆ ತಮ್ಮ ಸ್ಪರ್ಧೆಗೆ ಹೋಗಲಿಲ್ಲ. ಸಿಟ್ಟಿನಲ್ಲಿ ಹದಿನೈದು ದಿನ ಫೋನೂ ಎತ್ತಲಿಲ್ಲ. ಅಂಕಲ್ ದಿನವೂ ರಿಂಗ್ ಮಾಡಿ, "ಖಲಾಸ್" ಎಂದು ಫೋನ್ ಕೆಳಗಿಡುತ್ತಿದ್ದರು. ಕೊನೆಗೊಂದು ದಿನ ಎತ್ತಿದವನು ಕ್ಯಾಮೆರಾವನ್ನು ಫ್ಯಾನಿನ ಕಡೆ ತಿರುಗಿಸಿಟ್ಟು ಬೈದ. ಅಂಕಲ್ ಪೂರ್ತಿ ಕೇಳಿಸಿಕೊಂಡರು.

"ಬೈದಾಯ್ತಲ್ಲ," ಎಂದರು. "ಈಗ ಮುಖ ತೋರ್ಸು."